ಪ್ರಾರ್ಥನೆಯ ಹೊತ್ತಿಗೆ ವರಾಂಡದಲ್ಲಿ ನಿಲ್ಲುವ ಮಗು

ನಮಸ್ಕಾರ.

ಇವತ್ತು ಎತ್ತಿಕೊಂಡಿರುವ ವಿಷಯ ಕೇಳಿದರೆ ಕೆಲವರಿಗೆ ಸಿಟ್ಟು ಬರಬಹುದು, ಇನ್ನು ಕೆಲವರಿಗೆ ಇದೂ ಒಂದು ವಿಷಯಾನಾ ಅನಿಸಬಹುದು. ಶಾಲೆಯಲ್ಲಿ ಮಕ್ಕಳಿಂದ ಅವರದಲ್ಲದ ಧರ್ಮದ ಆಚರಣೆಗಳನ್ನು ಮಾಡಿಸಬಹುದಾ? ಬೇರೆಯವರ ದೇವರ ಮುಂದೆ ತಲೆ ಬಾಗುವುದು, ಮಂಡಿ ಊರುವುದು, ಅರ್ಥ ಗೊತ್ತಿಲ್ಲದ ಪ್ರಾರ್ಥನೆಯನ್ನು ಎಲ್ಲರ ಜೊತೆ ಸೇರಿ ಹೇಳುವುದು, ಅನುಭವಕ್ಕೆ ಅಂತ ಒಂದು ದಿನ ಉಪವಾಸ ಇರುವುದು, ಇಂಥವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಧರ್ಮಗಳ ಬಗ್ಗೆ ಶಾಲೆಯಲ್ಲಿ ಪಾಠ ಇರಬೇಕು ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ. ಈಗ ಇರುವುದಕ್ಕಿಂತ ಜಾಸ್ತಿಯೇ ಇರಲಿ. ಪಕ್ಕದ ಬೆಂಚಿನಲ್ಲಿ ಕೂರುವ ಹುಡುಗ ಯಾವ ದಿನ ಯಾಕೆ ಊಟ ಮಾಡುವುದಿಲ್ಲ, ಆ ಹುಡುಗಿ ಯಾಕೆ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಾಳೆ ಅಂತ ಗೊತ್ತಿಲ್ಲದೆ ಹತ್ತು ವರ್ಷ ಒಟ್ಟಿಗೆ ಓದಿ ಹೊರಬೀಳುವುದು ಒಳ್ಳೆಯ ಓದು ಅಲ್ಲವೇ ಅಲ್ಲ. ನನ್ನ ತಕರಾರು ಇರುವುದು ಮಾಡಿಸುವುದರ ಬಗ್ಗೆ. ಅದರಲ್ಲೂ, ಮಾಡಿಸುವಾಗ ದೊಡ್ಡವರು ಬಹಳ ಧಾರಾಳವಾಗಿ ಹೇಳುವ ಒಂದು ಮಾತಿದೆ ನೋಡಿ, "ಇಷ್ಟ ಇಲ್ಲದವರು ಬಿಡಬಹುದಪ್ಪಾ, ಬಲವಂತ ಏನಿಲ್ಲ" ಅಂತ, ಅದರ ಬಗ್ಗೆ.

ಈ ಮಾತನ್ನು ನಂಬುವವರಿಗೆ ಅಮೆರಿಕದ ಒಂದು ಹಳೆಯ ಮೊಕದ್ದಮೆಯ ಕಥೆ ಹೇಳಬೇಕು. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಒಂದು ಕಾನೂನು ಇತ್ತು. ಪ್ರತಿದಿನ ಶಾಲೆ ಶುರುವಾಗುವಾಗ ಬೈಬಲ್ಲಿನ ಕನಿಷ್ಠ 10 ವಚನಗಳನ್ನು ಯಾವ ವ್ಯಾಖ್ಯಾನವೂ ಇಲ್ಲದೆ ಓದಬೇಕು. ಅದರಲ್ಲೇ ವಿನಾಯಿತಿಯೂ ಇತ್ತು. ಅಪ್ಪ ಅಮ್ಮ ಒಂದು ಚೀಟಿ ಬರೆದುಕೊಟ್ಟರೆ ಮಗು ಆ ಹೊತ್ತಿನಲ್ಲಿ ತರಗತಿಯಲ್ಲಿ ಇರಬೇಕಾಗಿಲ್ಲ. ಕೇಳಲಿಕ್ಕೆ ಚೆನ್ನಾಗಿದೆ, ಅಲ್ವಾ? ಶೆಂಪ್ ಅನ್ನುವ ಕುಟುಂಬ ಇದನ್ನು ಕೋರ್ಟಿಗೆ ಒಯ್ದಿತು. ಅವರು ಯೂನಿಟೇರಿಯನ್ ಅನ್ನುವ, ಕ್ರೈಸ್ತ ಮೂಲದ ಒಂದು ಉದಾರ ಪಂಥದವರು. ಬೈಬಲ್ಲನ್ನು ಅಕ್ಷರಶಃ ಹಾಗೆಯೇ ಓದಿ ಒಪ್ಪಿಕೊಳ್ಳುವುದು ಅವರ ನಂಬಿಕೆಗೆ ಹೊಂದುತ್ತಿರಲಿಲ್ಲ. ಚೀಟಿ ಕೊಟ್ಟು ಮಕ್ಕಳನ್ನು ಬಿಡಿಸಿಕೊಳ್ಳಬಹುದಿತ್ತಲ್ಲ, ಯಾಕೆ ಬಿಡಿಸಿಕೊಳ್ಳಲಿಲ್ಲ ಅನ್ನುವ ಪ್ರಶ್ನೆಗೆ ಆ ತಂದೆ ಕೋರ್ಟಿನಲ್ಲಿ ಕೊಟ್ಟ ಕಾರಣಗಳನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು. ಹಾಗೆ ಮಾಡಿದರೆ ಮಕ್ಕಳಿಗೆ ವಿಚಿತ್ರದವರು ಅನ್ನುವ ಹಣೆಪಟ್ಟಿ ಬೀಳುತ್ತದೆ. ಬೈಬಲ್ ಬೇಡ ಅಂದವರನ್ನು ನಾಸ್ತಿಕರು ಅಂತ ತಿಳಿಯುತ್ತಾರೆ, ಆ ಕಾಲದ ಅಮೆರಿಕದಲ್ಲಿ ನಾಸ್ತಿಕ ಅಂದರೆ ಕಮ್ಯುನಿಸ್ಟ್ ಅಂತಲೇ ಲೆಕ್ಕ. ಬೈಬಲ್ ಓದು, ಪ್ರಾರ್ಥನೆ ಎಲ್ಲ ಮುಗಿದ ಕೂಡಲೇ ಶಾಲೆಯ ಪ್ರಕಟಣೆಗಳನ್ನು ಓದುತ್ತಾರೆ, ಹೊರಗಿರುವ ಮಕ್ಕಳಿಗೆ ಅವು ಕೇಳಿಸುವುದಿಲ್ಲ. ಕೊನೆಯದು ನನಗೆ ಬಹಳ ನಾಟಿದ್ದು: ತರಗತಿಯ ಹೊರಗೆ ವರಾಂಡದಲ್ಲಿ ನಿಲ್ಲಿಸುವುದು ಆ ಶಾಲೆಗಳಲ್ಲಿ ತಪ್ಪು ಮಾಡಿದ ಮಕ್ಕಳಿಗೆ ಕೊಡುವ ಶಿಕ್ಷೆ. ನೋಡಿದವರು ಈ ಮಕ್ಕಳೂ ಏನೋ ತಪ್ಪು ಮಾಡಿದ್ದಾರೆ ಅಂದುಕೊಳ್ಳುತ್ತಾರೆ.

ನೋಡಿ, ಇದರಲ್ಲಿ ದೊಡ್ಡ ತತ್ವ ಏನಿಲ್ಲ. ಬಾಗಿಲ ಒಳಗೆ 30 ಮಕ್ಕಳು, ಹೊರಗೆ ಒಂದು ಮಗು. ಹಾದುಹೋಗುವ ಬೇರೆ ತರಗತಿಯ ಟೀಚರು ಏನಮ್ಮಾ, ಏನು ಮಾಡಿದೆ ಇವತ್ತು ಅಂತ ಕೇಳುತ್ತಾರೆ. ಆ ಮಗು ಏನು ಹೇಳಬೇಕು? ತನ್ನ ಮನೆಯವರ ನಂಬಿಕೆಯನ್ನು ಎರಡು ವಾಕ್ಯದಲ್ಲಿ ವಿವರಿಸಬೇಕಾ? 1963ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶೆಂಪ್ ಕುಟುಂಬದ ಪರ ತೀರ್ಪು ಕೊಟ್ಟಿತು. ಚೀಟಿ ಕೊಟ್ಟು ಬಿಡಿಸಿಕೊಳ್ಳಬಹುದು ಅನ್ನುವುದು ಸಮಜಾಯಿಷಿ ಆಗುವುದಿಲ್ಲ ಅಂತ ಹೇಳಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಬೈಬಲ್ಲನ್ನು ಸಾಹಿತ್ಯವಾಗಿ, ಇತಿಹಾಸವಾಗಿ ಓದಿಸುವುದಕ್ಕೆ, ಧರ್ಮಗಳನ್ನು ಹೋಲಿಸಿ ಪಾಠ ಮಾಡುವುದಕ್ಕೆ ಅಡ್ಡಿಯೇ ಇಲ್ಲ ಅಂತ. ಇದನ್ನು ಮಾತ್ರ ಶಾಲೆಯಲ್ಲಿ ಪ್ರಾರ್ಥನೆ ಬೇಕು ಅನ್ನುವವರು, ಬೇಡ ಅನ್ನುವವರು, ಎರಡೂ ಕಡೆಯವರು ಮರೆತುಬಿಡುತ್ತಾರೆ.

ಚೀಟಿಯ ವಿಷಯಕ್ಕೇ ಇನ್ನೊಂದು ಉದಾಹರಣೆ ಗ್ರೀಸ್‌ನಿಂದ. ಅಲ್ಲಿ ಧರ್ಮದ ತರಗತಿಯಿಂದ ಮಗುವಿಗೆ ವಿನಾಯಿತಿ ಬೇಕಾದರೆ, ನಮ್ಮ ಮಗು ಅಲ್ಲಿನ ಹೆಚ್ಚಿನವರ ಹಾಗೆ ಆರ್ಥೊಡಾಕ್ಸ್ ಪಂಥದ ಕ್ರೈಸ್ತ ಅಲ್ಲ ಅಂತ ತಂದೆ ತಾಯಿ ಪ್ರಮಾಣಪೂರ್ವಕವಾಗಿ ಬರೆದುಕೊಡಬೇಕಿತ್ತು. ಕೋರ್ಟಿಗೆ ಹೋದವರು ಮಿಲೋಸ್, ಸಿಫ್ನೋಸ್ ಅನ್ನುವ ಪುಟ್ಟ ದ್ವೀಪಗಳಲ್ಲಿ ಇದ್ದವರು. ಎಲ್ಲರಿಗೂ ಎಲ್ಲರ ಮನೆ ವಿಷಯ ಗೊತ್ತಿರುವ ಜಾಗ. ಅಂಥ ಕಡೆ ಶಾಲೆಗೆ ಒಂದು ಕಾಗದ ಕೊಡುವುದೆಂದರೆ ಊರಿಗೆಲ್ಲ ಡಂಗುರ ಹೊಡೆದ ಹಾಗೆ. 2019ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದು ತಪ್ಪು ಅಂದಿತು. ಜನ ತಮ್ಮ ನಂಬಿಕೆಯನ್ನು ಬಿಚ್ಚಿಡುವ ಹಾಗೆ ಸರ್ಕಾರ ಮಾಡಬಾರದು ಅನ್ನುವುದು ಅದರ ತಿರುಳು.

ಹಾಗಾದರೆ ಹೊರಗೆ ಕಳಿಸುವುದೇ ಬೇಡ, ಒಳಗೇ ಸುಮ್ನೆ ನಿಂತಿರಲಿ ಅನ್ನುತ್ತಾರೆ ಕೆಲವರು. ಇದಕ್ಕೂ ಒಂದು ತೀರ್ಪು ಇದೆ, 1992ರದ್ದು. ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಶಾಲೆ ಮುಗಿಸುವ ಮಕ್ಕಳ ಸಮಾರಂಭಕ್ಕೆ ಒಬ್ಬ ರಬ್ಬಿಯನ್ನು, ಅಂದರೆ ಯಹೂದಿ ಧರ್ಮಗುರುವನ್ನು ಕರೆದು ಪ್ರಾರ್ಥನೆ ಮಾಡಿಸಿದರು. ಆಕ್ಷೇಪ ಎತ್ತಿದ ಕುಟುಂಬವೂ ಯಹೂದಿಗಳದ್ದೇ! ಅಂದರೆ ನನ್ನ ಧರ್ಮದವರಿಗೆ ವೇದಿಕೆ ಸಿಕ್ಕಿತು, ಸಾಕು ಅಂತ ಅವರು ಸುಮ್ಮನಾಗಲಿಲ್ಲ. ಸಮಾರಂಭಕ್ಕೆ ಬರಲೇಬೇಕು ಅಂತ ಏನಿಲ್ಲವಲ್ಲ, ಬೇಡ ಅನಿಸಿದರೆ ಸುಮ್ಮನೆ ನಿಂತಿರಬಹುದಿತ್ತಲ್ಲ ಅಂತ ಶಾಲೆಯವರು ವಾದಿಸಿದರು. ನ್ಯಾಯಮೂರ್ತಿ ಆಂಥೋನಿ ಕೆನಡಿ ಒಪ್ಪಲಿಲ್ಲ. ಆ ವಯಸ್ಸಿನ ಮಕ್ಕಳ ಮೇಲೆ ಜೊತೆಯವರ ಒತ್ತಡ ಜಾಸ್ತಿ, ಎಲ್ಲರ ಜೊತೆ ಎದ್ದು ನಿಂತರೆ ಅದೇ ಪಾಲ್ಗೊಂಡಂತೆ ಕಾಣುತ್ತದೆ, ಆ ಮಗುವಿಗೂ ಹಾಗೇ ಅನಿಸುತ್ತದೆ ಅನ್ನುವುದು ಅವರ ನಿಲುವು. 5 ಜನ ಈ ಕಡೆ, 4 ಜನ ಆ ಕಡೆ. ದೇಶದ ದೊಡ್ಡ ಕೋರ್ಟಿಗೇ ಅಷ್ಟು ಕಷ್ಟ ಆದ ಪ್ರಶ್ನೆಯನ್ನು 10 ವರ್ಷದ ಮಗು ಬೆಳಗ್ಗೆ ಸಾಲಿನಲ್ಲಿ ನಿಂತು, ಕಣ್ಣು ಮುಚ್ಚಲಾ ಬೇಡವಾ ಅಂತ, ಅರೆ ನಿಮಿಷದಲ್ಲಿ ತೀರ್ಮಾನ ಮಾಡಬೇಕು. ಹೆಚ್ಚಿನವು ಏನು ಮಾಡುತ್ತವೆ ಗೊತ್ತಾ? ತುಟಿ ಅಲ್ಲಾಡಿಸುತ್ತವೆ, ದನಿ ಹೊರಡಿಸುವುದಿಲ್ಲ. ಪಕ್ಕದವರು ನೋಡಿದಾಗ ಮಾತ್ರ ಸ್ವಲ್ಪ ಜೋರಾಗಿ ಅಲ್ಲಾಡಿಸುತ್ತವೆ. ಇದರಿಂದ ಅವು ಯಾವ ಧರ್ಮದ ಬಗ್ಗೆ ಏನು ಕಲಿತವೋ ನನಗಂತೂ ತಿಳಿಯದು.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಕೋರ್ಟುಗಳೆಲ್ಲ ನನ್ನ ಹಿಂದೆಯೇ ನಿಂತಿವೆ ಅಂತ ನೀವು ತಿಳಿಯಬಹುದು. ರಷ್ಯಾದ ಒಂದು ಶಾಲೆಯಲ್ಲಿ ವರ್ಷದ ಪಾಠ ಶುರುವಾಗುವ ದಿನ ಆರ್ಥೊಡಾಕ್ಸ್ ಪಾದ್ರಿ ಬಂದು ತರಗತಿಗೆ ಆಶೀರ್ವಾದದ ವಿಧಿ ಮಾಡಿದರು. ಬೇರೆ ಕ್ರೈಸ್ತ ಪಂಥಕ್ಕೆ ಸೇರಿದ 7 ವರ್ಷದ ಒಬ್ಬ ಹುಡುಗ ಅಲ್ಲಿ ಕೂತಿದ್ದ. ಹುಡುಗನಿಂದ ಬಲವಂತವಾಗಿ ಏನನ್ನೂ ಮಾಡಿಸಲಿಲ್ಲ, ಒಂದು ಸಲದ ಘಟನೆ, ಹಕ್ಕಿನ ಉಲ್ಲಂಘನೆ ಆಗಿಲ್ಲ ಅಂತ ಅದೇ ಯುರೋಪಿನ ನ್ಯಾಯಾಲಯ 2020ರಲ್ಲಿ ಹೇಳಿತು. ಇರಲಿ. ಒಂದು ಸಲ ಕಣ್ಣಿಗೆ ಬಿದ್ದ ಮಾತ್ರಕ್ಕೆ ಮಗುವಿನ ನಂಬಿಕೆ ಕರಗಿಹೋಗುವುದಿಲ್ಲ, ಅದು ನನಗೂ ಒಪ್ಪಿಗೆ. ಆದರೆ ಕಾನೂನು ತಡೆಯುವುದಿಲ್ಲ ಅಂದ ಮಾತ್ರಕ್ಕೆ ಶಾಲೆ ಅದನ್ನು ಮಾಡಲೇಬೇಕು ಅಂತೇನಿಲ್ಲವಲ್ಲ. ಆ ವಿಧಿಯನ್ನು ಪಾಠ ಶುರುವಾಗುವ ಅರ್ಧ ಗಂಟೆ ಮೊದಲು, ಬೇಕಾದವರು ಬನ್ನಿ ಅಂತ ಬೇರೆ ಕೋಣೆಯಲ್ಲಿ ಇಟ್ಟುಕೊಂಡಿದ್ದರೆ ಯಾರಿಗೇನು ನಷ್ಟ ಆಗುತ್ತಿತ್ತು?

ಒಂದು ದಿನ ಕೈ ಮುಗಿದರೆ ಏನಾಗಿಬಿಡುತ್ತೆ ಅಂತ ಕೇಳುವವರು ಬಹಳ ಜನ. ಸಾಮಾನ್ಯವಾಗಿ ಇದನ್ನು ಕೇಳುವವರು ಆ ಶಾಲೆಯಲ್ಲಿ ಯಾರ ಸಂಖ್ಯೆ ಜಾಸ್ತಿಯೋ ಅವರು. ಇದೇ ಮಾತನ್ನು ತಿರುಗಿಸಿ, ನಾಳೆ ನಿಮ್ಮ ಮಗ ಇನ್ನೊಬ್ಬರ ದೇವರ ಮುಂದೆ ಮಂಡಿ ಊರಲಿ, ಒಂದೇ ದಿನ ತಾನೇ ಅಂದು ನೋಡಿ. ಮುಖ ಹೇಗಾಗುತ್ತದೆ ಅಂತ. ಆದರೆ ನನಗೆ ಇದಕ್ಕಿಂತ ಬಲವಾದ ಕಾರಣ ಬೇರೆ ಇದೆ, ಅದು ಆಚರಣೆ ಯಾರದೋ ಅವರ ಕಡೆಯಿಂದ ಬರುವ ಕಾರಣ. ನಂಬಿದವರಿಗೆ ಉಪವಾಸ ಅಂದರೆ ದೇವರಿಗೆ ಕೊಟ್ಟ ಮಾತು. ಅದನ್ನು ಪ್ರಾಜೆಕ್ಟ್ ಕೆಲಸದ ಹಾಗೆ ಒಂದು ದಿನ ಮಾಡಿಸಿ, ಸಂಜೆ ನಿನಗೆ ಹೇಗನಿಸಿತು ಅಂತ ಅರ್ಧ ಪುಟ ಬರೆಸಿ, ಅದಕ್ಕೆ ಅಂಕ ಕೊಟ್ಟರೆ, ನಿಜವಾಗಿ ಉಪವಾಸ ಇರುವ ಮಗು ಅದೇ ತರಗತಿಯಲ್ಲಿ ಕೂತು ನೋಡುತ್ತಿರುತ್ತದಲ್ಲ, ಅದಕ್ಕೆ ಏನನಿಸಬೇಡ? ನನ್ನ ನಂಬಿಕೆ ಇವರಿಗೆ ಒಂದು ಆಟ ಅಂತ ತಾನೇ? ಗೌರವ ಕಲಿಸಲು ಹೊರಟು ವೇಷ ಹಾಕಿಸಿದ ಹಾಗೆ ಆಗುತ್ತದೆ. ಪ್ರಾರ್ಥನೆಯ ಭಂಗಿಗಳನ್ನು ಎಲ್ಲರಿಂದ ಮಾಡಿಸಿ ಫೋಟೋ ತೆಗೆಯುವ ಶಾಲೆಗಳ ಮೇಲೆ ನನಗೆ ಇದೇ ಸಿಟ್ಟು. ಒಳ್ಳೆಯ ಉದ್ದೇಶ ಇದ್ದೇ ಇರುತ್ತದೆ, ಇಲ್ಲ ಅನ್ನುವುದಿಲ್ಲ.

ಹಾಗಂತ ಮಗು ಯಾವ ಪ್ರಾರ್ಥನಾ ಸ್ಥಳಕ್ಕೂ ಕಾಲಿಡಬಾರದು ಅನ್ನುವವನಲ್ಲ ನಾನು. ಕರೆದುಕೊಂಡು ಹೋಗಿ, ಎಲ್ಲ ಕಡೆಗೂ ಕರೆದುಕೊಂಡು ಹೋಗಿ. ಬಾಗಿಲಲ್ಲಿ ಚಪ್ಪಲಿ ಬಿಡಬೇಕಾ, ಬಿಡಲಿ. ತಲೆಗೆ ಬಟ್ಟೆ ಹಾಕಿಕೊಳ್ಳಬೇಕಾ, ಹಾಕಿಕೊಳ್ಳಲಿ. ಮೆಲ್ಲಗೆ ಮಾತಾಡಲಿ. ನೆಂಟರ ಮನೆಗೆ ಹೋದಾಗ ಅವರ ಮನೆಯ ರೀತಿಗೆ ಹೊಂದಿಕೊಳ್ಳುವುದಿಲ್ಲವಾ, ಅಷ್ಟೇ ಇದು. ತೊಡಕು ಬರುವುದು ಒಳಗೆ ಹೋದ ಮೇಲೆ. ಅಲ್ಲಿನ ಹಿರಿಯರು ಪ್ರೀತಿಯಿಂದಲೇ, ಬನ್ನಿ ಮಕ್ಕಳೇ, ಎಲ್ಲರೂ ನಾನು ಹೇಳಿದ್ದನ್ನು ಹೇಳಿ, ಅನ್ನುತ್ತಾರೆ. ಟೀಚರಿಗೆ ಬೇಡ ಅನ್ನಲು ಸಂಕೋಚ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆ ಗಳಿಗೆಯನ್ನು ತಪ್ಪಿಸುವ ಕೆಲಸ ಹೋಗುವ ಮೊದಲೇ ಆಗಬೇಕು, ಫೋನಿನಲ್ಲಿ. ನಮ್ಮ ಮಕ್ಕಳು ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ, ಪೂಜೆ ಪ್ರಾರ್ಥನೆಯಲ್ಲಿ ಸೇರುವುದಿಲ್ಲ, ದಯವಿಟ್ಟು ಏನೂ ಹೇಳಿಸಬೇಡಿ ಅಂತ. ಯಾರಿಗೂ ಇದರಿಂದ ಬೇಜಾರಾಗುವುದಿಲ್ಲ. ಬೇಜಾರಾದರೂ ಒಂದು ಗಳಿಗೆ, ಆಗಲಿ ಬಿಡಿ.

ಪಾಠವೇ ಬೇಡ ಅನ್ನುವ ಪೋಷಕರೂ ಇದ್ದಾರೆ. ನಮ್ಮ ಮಗು ಬೇರೆ ಧರ್ಮದ ಹೆಸರನ್ನೂ ಕೇಳಬಾರದು ಅನ್ನುವವರು. ಅವರ ಪರ ನಾನಿಲ್ಲ. ಆದರೆ ಶಾಲೆಯೂ ಪಾಠದ ಹೆಸರಿನಲ್ಲಿ ಆಚರಣೆ ತೂರಿಸಬಾರದು. ನಾರ್ವೆಯಲ್ಲಿ 1997ರಲ್ಲಿ ಕ್ರೈಸ್ತ ಧರ್ಮ, ಇತರ ಧರ್ಮಗಳು, ತತ್ವಚಿಂತನೆ ಎಲ್ಲ ಸೇರಿಸಿ ಒಂದೇ ವಿಷಯ ಮಾಡಿದರು. ಅದರಲ್ಲಿ ಪ್ರಾರ್ಥನೆ, ಸ್ತೋತ್ರಗೀತೆಗಳೂ ಬರುತ್ತಿದ್ದವು. ಬೇಡದ ಭಾಗದಿಂದ ಮಾತ್ರ ವಿನಾಯಿತಿ ಕೇಳಬಹುದಿತ್ತು, ಅಂದರೆ ಪೋಷಕರು ಪಾಠದ ಪಟ್ಟಿ ಹಿಡಿದುಕೊಂಡು ಯಾವುದು ಪಾಠ, ಯಾವುದು ಪೂಜೆ ಅಂತ ತಾವೇ ಹೆಕ್ಕುತ್ತಾ ಕೂರಬೇಕು. 2007ರಲ್ಲಿ ಯುರೋಪಿನ ನ್ಯಾಯಾಲಯದ 17 ನ್ಯಾಯಾಧೀಶರಲ್ಲಿ 9 ಜನ ಇದು ಸರಿಯಲ್ಲ ಅಂದರು, 8 ಜನ ಪರವಾಗಿಲ್ಲ ಅಂದರು. ಹೆಕ್ಕುವ ಕೆಲಸ ಶಾಲೆಯದು, ಅದನ್ನು ಮನೆಗೆ ಕಳಿಸಿದರೆ ಹೀಗೇ ಆಗುವುದು.

ಭಾರತದ ಸಂವಿಧಾನದ 28ನೇ ವಿಧಿಯಲ್ಲೂ ಇದರ ಮಾತು ಇದೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇಲ್ಲ. ಸರ್ಕಾರದ ಮಾನ್ಯತೆ ಅಥವಾ ನೆರವು ಇರುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ, ಪ್ರಾರ್ಥನೆಗೆ ಒಪ್ಪಿಗೆ ಇಲ್ಲದೆ ಯಾರನ್ನೂ ಸೇರಿಸುವಂತಿಲ್ಲ. ಮಗು ಚಿಕ್ಕದಾದರೆ ಪೋಷಕರ ಒಪ್ಪಿಗೆ. ಗಮನಿಸಿ, ಬೇಡ ಅಂತ ಬರೆದುಕೊಡಿ ಅಂತಲ್ಲ, ಒಪ್ಪಿಗೆ ಮೊದಲು ಬೇಕು ಅಂತ. ಶೆಂಪ್ ಮಕ್ಕಳ ಚೀಟಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ಬೇಕು ಅನ್ನುವವರು ಕೈ ಎತ್ತಲಿ, ಬೇಡ ಅನ್ನುವವರು ಏನೂ ಮಾಡದೆ ಇದ್ದರೆ ಸಾಕು. ಕೇರಳದಲ್ಲಿ 1985ರಲ್ಲಿ ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಥದ ಮೂವರು ಮಕ್ಕಳನ್ನು ರಾಷ್ಟ್ರಗೀತೆ ಹಾಡಲಿಲ್ಲ ಅಂತ ಶಾಲೆಯಿಂದ ಹೊರಹಾಕಿದ್ದರು. ಆ ಮಕ್ಕಳು ಗೀತೆಯ ಹೊತ್ತಿಗೆ ಎಲ್ಲರ ಹಾಗೆ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ ಅಷ್ಟೇ. 1986ರಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ಅದು ಧಾರ್ಮಿಕ ಆಚರಣೆಯ ಮೊಕದ್ದಮೆ ಅಲ್ಲ, ಒಪ್ಪುತ್ತೇನೆ. ಆದರೆ ಬಾಯಿ ತೆರೆಯದೆಯೂ ಗೌರವ ತೋರಿಸಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಿಕ್ಕಿಲ್ಲ.

ಕೊನೆಗೆ ನನ್ನನ್ನೂ ಸ್ವಲ್ಪ ತಬ್ಬಿಬ್ಬು ಮಾಡುವ ಒಂದು ಸಂದರ್ಭ ಉಳಿಯುತ್ತದೆ. ಮಗುವಿಗೇ ಆಸೆ ಇದ್ದರೆ? ಗೆಳತಿಯ ಜೊತೆ ನಾನೂ ಪ್ರಾರ್ಥನೆಗೆ ಹೋಗುತ್ತೇನೆ ಅಂತ 14 ವರ್ಷದ ಹುಡುಗಿ ಕೇಳಿದರೆ, ಮನೆಯಲ್ಲಿ ಬೇಡ ಅಂದರೆ? ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಪ್ಪಂದದ 14ನೇ ವಿಧಿ ನಂಬಿಕೆಯ ಸ್ವಾತಂತ್ರ್ಯವನ್ನು ಮಗುವಿಗೇ ಕೊಡುತ್ತದೆ, ಮಗುವಿನ ಬುದ್ಧಿ ಬೆಳೆದ ಹಾಗೆ ಅದಕ್ಕೆ ತಕ್ಕಂತೆ ದಾರಿ ತೋರಿಸುವ ಹಕ್ಕು ತಂದೆ ತಾಯಿಗೆ ಇದೆ ಅನ್ನುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಶಾಲೆಗಳಲ್ಲಿ ಸಾಮೂಹಿಕ ಪ್ರಾರ್ಥನೆ 1944ರಿಂದ ಕಾನೂನಿನಲ್ಲೇ ಇದೆ. ಇಂಗ್ಲೆಂಡಿನಲ್ಲಿ 16 ದಾಟಿ ಮುಂದಿನ ತರಗತಿಗೆ ಹೋದವರು ಅದರಿಂದ ತಾವೇ ಹೊರಗುಳಿಯಬಹುದು, ಪೋಷಕರ ಚೀಟಿ ಬೇಕಿಲ್ಲ. 14ಕ್ಕೂ 16ಕ್ಕೂ ನಡುವೆ ಎಲ್ಲಿ ಗೆರೆ ಎಳೆಯಬೇಕು ಅಂತ ನಾನು ಹೇಳಲಾರೆ. ಟೀಚರು ಇಲ್ಲಿ ಪಂಚಾಯ್ತಿ ಮಾಡಲು ಹೋಗದಿರುವುದು ಒಳ್ಳೆಯದು ಅಂತ ಮಾತ್ರ ಹೇಳಬಲ್ಲೆ. ಹೋಗು ಅಂತಲೂ ಬೇಡ, ಹೋಗಬೇಡ ಅಂತಲೂ ಬೇಡ, ಮನೆಗೆ ಫೋನ್ ಮಾಡಿ ಚಾಡಿ ಹೇಳುವುದಂತೂ ಬೇಡವೇ ಬೇಡ. ಆ ಮಾತು ಆ ಹುಡುಗಿ, ಅವಳ ಅಪ್ಪ, ಅಮ್ಮ ಕೂತು ಆಡಬೇಕಾದ ಮಾತು.

ಕೇಳಿದ್ದಕ್ಕೆ ಧನ್ಯವಾದ. ನಮಸ್ಕಾರ.