ಸ್ತೆಫನನ ಮನೆಯವರು

ಮಾನ್ಯ ಕೇಳುಗರೇ, ನಮಸ್ಕಾರ.

ನಮ್ಮ ಕ್ರೈಸ್ತ ಸಭೆಯ ದೀಕ್ಷಾಸ್ನಾನದ, ಎಂದರೆ ನೀರಿನಿಂದ ಒಬ್ಬರನ್ನು ಸಭೆಗೆ ಸೇರಿಸಿಕೊಳ್ಳುವ ವಿಧಿಯ, ರಿಜಿಸ್ಟರು ಬರೆಯುವ ಕೆಲಸ ಕೆಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಹೆಸರು, ಹುಟ್ಟಿದ ದಿನ, ತಂದೆತಾಯಿಯರ ಹೆಸರು, ಊರು, ಕಸುಬು, ದೀಕ್ಷಾಸ್ನಾನವಾದ ದಿನ, ಮಾಡಿಸಿದವರ ಸಹಿ, ಇಷ್ಟೇ ಅದರ ಕಲಮುಗಳು. ಜೂನ್ ತಿಂಗಳು ಬಂತೆಂದರೆ ಆ ಪುಸ್ತಕಕ್ಕೆ ಬೂಷ್ಟು ಹಿಡಿಯದಂತೆ ಕಾಯುವುದೇ ಬರೆಯುವುದಕ್ಕಿಂತ ದೊಡ್ಡ ಕೆಲಸವಾಗಿರುತ್ತಿತ್ತು. ಪುಟ ತಿರುವುವಾಗಲೆಲ್ಲ ಒಂದು ಸಂಗತಿ ನನ್ನನ್ನು ಕಾಡುತ್ತಿತ್ತು. ಮನುಷ್ಯನ ಬಾಳಿನ ಅತಿ ಗಂಭೀರವಾದ ದಿನವೆಂದು ನಾವು ಹೇಳಿಕೊಳ್ಳುವ ದಿನ ಅಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಮುಂದೆ ಅವನು ಏನಾದ, ಹೇಗೆ ಬದುಕಿದ ಎಂದು ಬರೆಯಲು ಆ ಹಾಳೆಯಲ್ಲಿ ಜಾಗವೇ ಇಲ್ಲ. ಆದರೆ ಬೈಬಲಿನ ಒಂದು ಪತ್ರದಲ್ಲಿ ಒಬ್ಬ ಮನುಷ್ಯನ ದೀಕ್ಷಾಸ್ನಾನದ ಸಾಲೂ, ಆಮೇಲಿನ ಸಾಲೂ ಎರಡೂ ಉಳಿದುಬಂದಿವೆ. ಅವನ ಹೆಸರು ಸ್ತೆಫನ. ಇಂದಿನ ಮಾತು ಅವನನ್ನು ಕುರಿತದ್ದು.

ಯೆರೂಸಲೇಮಿನಲ್ಲಿ ಕಲ್ಲೇಟು ತಿಂದು ಪ್ರಾಣಬಿಟ್ಟ ಸ್ತೆಫನ ಎಲ್ಲರಿಗೂ ಗೊತ್ತು. ನಾನು ಹೇಳುತ್ತಿರುವವನು ಅವನಲ್ಲ. ಗ್ರೀಕ್ ಭಾಷೆಯಲ್ಲಿ ಇಬ್ಬರ ಹೆಸರಿನ ಕೊನೆಯ ಉಚ್ಚಾರ ಬೇರೆ. ಕನ್ನಡದ ಕಿವಿಗೆ ಮಾತ್ರ ಎರಡೂ ಒಂದೇ. ಈ ಎರಡನೆಯವನು ಕೊರಿಂಥದವನು, ಮನೆ ಮಂದಿ ಉಳ್ಳ ಗೃಹಸ್ಥ. ಊರೂರಿಗೆ ಹೋಗಿ ಕ್ರಿಸ್ತನನ್ನು ಸಾರಿದ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರವೊಂದರಲ್ಲಿ ಬಿಟ್ಟರೆ ಹೊಸ ಒಡಂಬಡಿಕೆಯ ಬೇರೆಲ್ಲಿಯೂ ಇವನ ಸುದ್ದಿಯಿಲ್ಲ.

ಕೊರಿಂಥ ಗ್ರೀಸಿನಲ್ಲಿ ಎರಡು ಬಂದರುಗಳ ನಡುವಿನ ವ್ಯಾಪಾರದ ಪಟ್ಟಣ. ಪೌಲನು ಅಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಯ ಜೊತೆ ಗುಡಾರ ಮಾಡುವ ಕಸುಬು ನಡೆಸುತ್ತ ಒಂದೂವರೆ ವರ್ಷ ಇದ್ದು ಸಭೆಯನ್ನು ಕಟ್ಟಿದ. ಅವನು ಹೊರಟುಹೋದ ಮೇಲೆ ಸಭೆಯಲ್ಲಿ ಗುಂಪುಗಳಾದವು. ಒಬ್ಬರು ತಾವು ಪೌಲನವರೆಂದರು, ಇನ್ನೊಬ್ಬರು ಅಪೊಲ್ಲೋಸನೆಂಬ ಬೋಧಕನವರೆಂದರು, ಮತ್ತೊಬ್ಬರು ಕೇಫನ, ಎಂದರೆ ಪೇತ್ರನ, ಕಡೆಯವರೆಂದರು. ಯಾರ ಕೈಯಿಂದ ನೀರು ಬಿತ್ತು ಎಂಬುದು ಅಲ್ಲಿ ಕುಲದ ಹೆಸರಿನಂತೆ ಆಗಿಬಿಟ್ಟಿತ್ತೋ ಏನೋ, ಎಫೆಸದಿಂದ ಕ್ರಿಸ್ತಶಕ 55ರ ಸುಮಾರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿಯೇ ಪೌಲನು ಕೆರಳುತ್ತಾನೆ. ಪೌಲನು ನಿಮಗಾಗಿ ಶಿಲುಬೆಗೆ ಹಾಕಲ್ಪಟ್ಟನೋ ಎಂದು ಕೇಳುತ್ತಾನೆ. ಕ್ರಿಸ್ಪ ಮತ್ತು ಗಾಯ ಇವರಿಬ್ಬರಿಗೆ ಹೊರತು ನಿಮ್ಮಲ್ಲಿ ಯಾರಿಗೂ ನಾನು ದೀಕ್ಷಾಸ್ನಾನ ಮಾಡಿಸಲಿಲ್ಲವಲ್ಲ, ಸದ್ಯ, ದೇವರಿಗೆ ಸ್ತೋತ್ರ ಎನ್ನುತ್ತಾನೆ. ಹಾಗೆಂದವನು ಮರುಕ್ಷಣವೇ ತಿದ್ದಿಕೊಳ್ಳುತ್ತಾನೆ: ಹೌದು, ಸ್ತೆಫನನ ಮನೆಯವರಿಗೂ ಮಾಡಿಸಿದ್ದೆ, ಇವರಲ್ಲದೆ ಇನ್ನು ಯಾರಿಗಾದರೂ ಮಾಡಿಸಿದೆನೋ ನೆನಪಿಲ್ಲ.

ಈ ಸಾಲನ್ನು ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಪತ್ರವನ್ನು ಪೌಲನು ಬಾಯಿಂದ ಹೇಳಿ ಬರೆಸುತ್ತಿದ್ದ. ಕೊನೆಯ ವಂದನೆಯನ್ನು ಮಾತ್ರ ಸ್ವಂತ ಕೈಯಿಂದ ಬರೆದನೆಂದು ಪತ್ರವೇ ಹೇಳುತ್ತದೆ. ಆ ಹೊತ್ತಿಗೆ ಸ್ತೆಫನನು ಎಫೆಸಕ್ಕೆ ಬಂದಿದ್ದನೆಂಬುದೂ ಹದಿನಾರನೆಯ ಅಧ್ಯಾಯದಿಂದ ತಿಳಿಯುತ್ತದೆ. ಬಹುಶಃ ಅಲ್ಲೇ ಗೋಡೆಗೆ ಒರಗಿ ಕುಳಿತಿದ್ದವನು ಮೆಲ್ಲಗೆ ಕೆಮ್ಮಿ, ನಮ್ಮ ಮನೆಯವರನ್ನು ಮರೆತಿರಲ್ಲ ಎಂದಿರಬೇಕು. ಇದು ನನ್ನ ಊಹೆ. ಊಹೆಯಲ್ಲದ್ದು ಇಷ್ಟು: ಸ್ನಾನ ಮಾಡಿಸಿದವರ ಲೆಕ್ಕವನ್ನು ಸಭೆಯನ್ನು ಕಟ್ಟಿದ ಅಪೊಸ್ತಲನೇ ಇಟ್ಟುಕೊಂಡಿರಲಿಲ್ಲ. ರಿಜಿಸ್ಟರು ಬರೆಯುವವನಿಗೆ ಇದು ತುಸು ಇರುಸುಮುರುಸಿನ ಸತ್ಯವೇ ಸರಿ.

ಹಾಗೆಂದು ಪೌಲನು ದೀಕ್ಷಾಸ್ನಾನವನ್ನು ಹಗುರವಾಗಿ ಎಣಿಸಿದವನಲ್ಲ. ಗ್ರೀಕ್ ಮೂಲದ ಕ್ರಿಯಾಪದಕ್ಕೆ ಅದ್ದು, ಮುಳುಗಿಸು ಎಂದು ಅರ್ಥ. ಬಟ್ಟೆಯನ್ನು ಬಣ್ಣದಲ್ಲಿ ಅದ್ದುವುದಕ್ಕೂ ಅದೇ ಬೇರಿನಿಂದ ಹುಟ್ಟಿದ ಮಾತು ಸಲ್ಲುತ್ತಿತ್ತು. ಕನ್ನಡಕ್ಕೆ ಬೈಬಲನ್ನು ತಂದವರು ಬರೀ ಸ್ನಾನವೆನ್ನದೆ ದೀಕ್ಷೆಯನ್ನೂ ಅದಕ್ಕೆ ಜೋಡಿಸಿದ್ದು ಬಲು ವಿವೇಕದ ಕೆಲಸವೆಂದು ನನಗೆ ತೋರುತ್ತದೆ. ಸ್ನಾನ ದಿನವೂ ಆಗುವಂಥದು, ಸಂಜೆಗೆ ಮೈ ಮತ್ತೆ ಕೊಳೆಯಾಗುತ್ತದೆ. ದೀಕ್ಷೆ ಒಮ್ಮೆ ಹಿಡಿಯುವಂಥದು, ಹಿಡಿದ ಮೇಲೆ ನಡೆಸಬೇಕಾದದ್ದು. ಕಥೋಲಿಕರು ಜ್ಞಾನಸ್ನಾನವೆಂದೂ ಹೇಳುವುದುಂಟು. ನೀರು ಎಷ್ಟಿರಬೇಕು, ಹಣೆಗೆ ಹೊಯ್ಯಬೇಕೋ ಹೊಳೆಯಲ್ಲಿ ಮುಳುಗಿಸಬೇಕೋ, ಕೂಸಿಗೆ ಕೊಡಬಹುದೋ ಬುದ್ಧಿ ಬಂದವರಿಗೆ ಮಾತ್ರವೋ ಎಂಬ ಚರ್ಚೆ ನಮ್ಮ ಊರುಗಳಲ್ಲಿಯೂ ಆಗಾಗ ಏರುದನಿಗೆ ಹೋಗುತ್ತದೆ. ಅಪೊಸ್ತಲರ ಕಾಲದ ಬೆನ್ನಿಗೇ ಹುಟ್ಟಿದ ದಿದಾಖೆ ಎಂಬ ಬೋಧನೆಯ ಪುಸ್ತಿಕೆ ಇದನ್ನು ಎರಡು ಮಾತಿನಲ್ಲಿ ಮುಗಿಸಿದೆ: ಹರಿಯುವ ನೀರಿದ್ದರೆ ಅದು, ಇಲ್ಲವಾದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬೆಚ್ಚನೆಯದು, ಎರಡೂ ಸಾಲದಿದ್ದರೆ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ತಲೆಯ ಮೇಲೆ ಮೂರು ಸಲ ಹೊಯ್ಯುವುದು. ಆಷಾಢದ ಚಳಿಯಲ್ಲಿ ಕೂಸನ್ನು ಎತ್ತಿಕೊಂಡು ನಿಂತ ಕೊಡಗಿನ ತಾಯಿಗೆ ಆ ಬೆಚ್ಚನೆಯ ನೀರಿನ ಮಾತು ಹಿತವಾಗಿ ಕೇಳೀತು. ನಾನಂತೂ ಈ ಚರ್ಚೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಾರೆ.

ನಿಲ್ಲಬೇಕಾದದ್ದು ಅದೇ ಪತ್ರದ ಹತ್ತನೆಯ ಅಧ್ಯಾಯದಲ್ಲಿ. ಐಗುಪ್ತದಿಂದ ಹೊರಟ ಇಸ್ರಾಯೇಲಿನ ಪಿತೃಗಳೆಲ್ಲರೂ ಮೇಘದ ಕೆಳಗಿದ್ದರು, ಸಮುದ್ರವನ್ನು ದಾಟಿದರು, ಮೋಶೆಯ ಶಿಷ್ಯರಾಗುವುದಕ್ಕೆ ಮೇಘದಲ್ಲಿಯೂ ಸಮುದ್ರದಲ್ಲಿಯೂ ದೀಕ್ಷಾಸ್ನಾನ ಹೊಂದಿದರು ಎಂದು ಪೌಲನು ಬರೆಯುತ್ತಾನೆ. ಬಯಲುಸೀಮೆಯವರಿಗೆ ಮೋಡದಲ್ಲಿ ಸ್ನಾನವೆಂದರೆ ಕವಿಮಾತೆನಿಸೀತು. ಮಡಿಕೇರಿಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಜಿನೊಳಗೆ ಅರ್ಧ ಫರ್ಲಾಂಗು ನಡೆದವನ ಕಂಬಳಿಯನ್ನು ಹಿಂಡಿ ನೋಡಿದರೆ ಸಾಕು. ಆದರೆ ಪೌಲನ ಮುಂದಿನ ಮಾತು ಕಠಿಣ. ಎಲ್ಲರೂ ತೋಯ್ದರು, ಎಲ್ಲರೂ ಒಂದೇ ಆತ್ಮಿಕ ಆಹಾರವನ್ನು ಉಂಡರು. ಆದರೂ ಅವರಲ್ಲಿ ಬಹುಮಂದಿಯನ್ನು ದೇವರು ಮೆಚ್ಚಲಿಲ್ಲ, ಅವರು ಅಡವಿಯಲ್ಲಿ ಬಿದ್ದುಹೋದರು. ನಮ್ಮ ತೋಟಗಳಲ್ಲಿ ಹೂಮಳೆ ಬಿದ್ದು ವಾರ ಹತ್ತು ದಿನದೊಳಗೆ ಕಾಫಿಗಿಡಗಳೆಲ್ಲ ಬೆಳ್ಳಗಾಗುತ್ತವೆ. ಆ ಪರಿಮಳಕ್ಕೆ ಮರುಳಾಗಿ ಫಸಲಿನ ಲೆಕ್ಕ ಹಾಕುವವನು ಹೊಸಬ. ಮತ್ತೆ ಎರಡು ಮೂರು ವಾರಗಳಲ್ಲಿ ಇನ್ನೊಂದು ಮಳೆ ಬರದಿದ್ದರೆ ಹೂವು ಕಾಯಿಕಚ್ಚುವುದಿಲ್ಲವೆಂದು ಹಳಬನಿಗೆ ಗೊತ್ತಿರುತ್ತದೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ, ಪಾಸ್ಖದ, ಎಂದರೆ ಈಸ್ಟರ್ ಹಬ್ಬದ, ರಾತ್ರಿ, ಕಥೋಲಿಕ ದೇವಾಲಯಗಳಲ್ಲಿ ಜನ ಮೇಣದಬತ್ತಿ ಹಿಡಿದು ತಮ್ಮ ಸ್ನಾನದ ವಾಗ್ದಾನಗಳನ್ನು ಮತ್ತೊಮ್ಮೆ ಹೇಳುತ್ತಾರೆ. ಸ್ನಾನ ಮತ್ತೊಮ್ಮೆ ಆಗುವುದಿಲ್ಲ, ವಾಗ್ದಾನ ಮಾತ್ರ ವರ್ಷವರ್ಷವೂ.

ಕೊಡಗಿನಲ್ಲಿ ಈ ನೀರಿಗೆ ತನ್ನದೇ ಇತಿಹಾಸವಿದೆ. ಟಿಪ್ಪುವಿನ ಕಾಲದಲ್ಲಿ ನೆಲೆ ಕಳೆದುಕೊಂಡು ಬಂದ ಕಥೋಲಿಕರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರನು ವಿರಾಜಪೇಟೆಯಲ್ಲಿ ಜಾಗ ಕೊಟ್ಟ. ಅಲ್ಲಿನ ಸಂತ ಅನ್ನಮ್ಮನವರ ದೇವಾಲಯ 1792ರಷ್ಟು ಹಳೆಯದು. ಆದರೆ ನಾನು ಹೆಚ್ಚು ಯೋಚಿಸುವುದು ಮುಂದಿನ ಶತಮಾನದ ನಡುವಿನ ಕೆಲವೇ ವರ್ಷಗಳನ್ನು ಕುರಿತು. 1852ರಲ್ಲಿ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನಿಗೆ ಲಂಡನ್ನಿನಲ್ಲಿ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತು ಆ ಬಾಲೆಗೆ ತನ್ನ ಹೆಸರನ್ನು ಕೊಟ್ಟಳು. 1853ರಲ್ಲಿ ಆಳ್ಮಂಡ ಸೋಮಯ್ಯ ಎಂಬ ಕೊಡವರು ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರಿಂದ ದೀಕ್ಷಾಸ್ನಾನ ಹೊಂದಿದರು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಅದೇ ಮೋಗ್ಲಿಂಗರು. ಅದೇ ದಶಕದಲ್ಲಿ ಅವರು ಅಮ್ಮತ್ತಿಯ ಕಡೆ ಆನಂದಪುರವೆಂಬ ನೆಲೆಯನ್ನು ಕಟ್ಟಿದರು. ಅಲ್ಲಿ ದೀಕ್ಷೆ ಪಡೆದವರು ತಲೆಮಾರುಗಳಿಂದ ಒಡೆಯರ ಗದ್ದೆಗಳಲ್ಲಿ ಜೀತಕ್ಕಿದ್ದ ಜನ. ಅರಮನೆಯ ಹುಡುಗಿ, ಐನ್‌ಮನೆಯೆಂಬ ಕುಲದ ಹಿರಿಮನೆಯ ಕೊಡವ, ಸ್ವಂತಕ್ಕೆ ಅಂಗೈಯಗಲ ನೆಲವಿಲ್ಲದ ಜೀತಗಾರ: ಮೂವರ ತಲೆಯ ಮೇಲೂ ನುಡಿದ ನಾಮ ಒಂದೇ. ರಾಣಿ ನಿಂತಿದ್ದಳೆಂದು ಒಬ್ಬಳ ನೀರು ಹೆಚ್ಚು ತೇಜಸ್ಸಿನದಾಗಲಿಲ್ಲ. ಕೊರಿಂಥದವರಿಗೆ ಪೌಲನು ಹನ್ನೆರಡನೆಯ ಅಧ್ಯಾಯದಲ್ಲಿ ಹೇಳಿದ್ದೂ ಇದನ್ನೇ: ಯೆಹೂದ್ಯರಾಗಲಿ ಗ್ರೀಕರಾಗಲಿ, ದಾಸರಾಗಲಿ ಸ್ವತಂತ್ರರಾಗಲಿ, ನಾವೆಲ್ಲರೂ ಒಂದೇ ದೇಹವಾಗುವುದಕ್ಕೆ ಒಂದೇ ಆತ್ಮನಲ್ಲಿ ದೀಕ್ಷಾಸ್ನಾನ ಹೊಂದಿದೆವು.

ಹೇಳುವುದು ಸುಲಭ. ಅದಕ್ಕೆ ಒಂದೇ ಅಧ್ಯಾಯ ಹಿಂದೆ, ಕರ್ತನ ಭೋಜನಕ್ಕೆ, ಕ್ರಿಸ್ತನ ನೆನಪಿನ ಊಟಕ್ಕೆ, ಕೂಡಿದಾಗ ಉಳ್ಳವರು ಮುಂಚೆಯೇ ಉಂಡು ಕುಡಿದು ಮತ್ತರಾಗುತ್ತಾರೆ, ಇಲ್ಲದವರು ಹಸಿದುಕೊಂಡೇ ಇರುತ್ತಾರೆ ಎಂದು ಪೌಲನು ಗದರಿಸಬೇಕಾಗಿ ಬಂದಿತ್ತು. ಒಂದೇ ನೀರಿನಲ್ಲಿ ಮುಳುಗಿದವರು ಒಂದೇ ಪಂಕ್ತಿಯಲ್ಲಿ ಕೂರಲಾರದೆ ಹೋದರು. ತೋಟದ ಕೆಲಸಗಾರರ ಲೈನ್‌ಮನೆಗಳಿಂದ ಬರುವವರೂ ಬಂಗಲೆಗಳಿಂದ ಬರುವವರೂ ಸೇರುವ ನಮ್ಮ ಸಭೆಗಳು ಈ ಅಧ್ಯಾಯವನ್ನು ಕೊರಿಂಥದವರ ತಪ್ಪೆಂದು ಓದಿ ಮುಂದೆ ಹೋಗುವುದು ನನಗೆ ಅಷ್ಟು ಪ್ರಾಮಾಣಿಕವಾಗಿ ಕಾಣುವುದಿಲ್ಲ. ಹಬ್ಬದ ಊಟಕ್ಕೆ ಯಾರು ಬಡಿಸಿದರು, ಯಾರು ಮೊದಲು ಉಂಡರು, ಪಾತ್ರೆ ತೊಳೆಯಲು ಕೊನೆಗೆ ಯಾರು ಉಳಿದರು ಎಂದು ನಾನೂ ಬಹಳ ವರ್ಷ ಗಮನಿಸಿರಲಿಲ್ಲ. ಮೊದಲು ಉಂಡು ಹೊರಟವರಲ್ಲಿ ನಾನೂ ಒಬ್ಬನಾಗಿದ್ದೆ.

ಸೋಮಯ್ಯನವರಿಗೆ ದೀಕ್ಷಾಸ್ನಾನದಲ್ಲಿ ಸಿಕ್ಕ ಹೆಸರು ಸ್ತೆಫನ. ಅವರು ಸ್ತೆಫನ ಸೋಮಯ್ಯ ಎಂದೇ ಹೆಸರಾದರು; ಹಳೆಯ ಹೆಸರು ಅಳಿಸಿಹೋಗಲಿಲ್ಲ. ಇದನ್ನು ಹೇಳಲು ಒಂದು ಕಾರಣವಿದೆ. ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರಿಗೆ ನಾನು ಪಾಠ ಹೇಳುತ್ತಿದ್ದಾಗ ತೋಟದ ಕೆಲಸದ ಹಿರಿಯ ಹೆಂಗಸೊಬ್ಬಳು, “ಮೇಷ್ಟ್ರೇ, ನೀರಿಂದ ಎದ್ದ ಮೇಲೆ ನಮ್ಮವ್ವ ಇಟ್ಟ ಹೆಸರು ಏನಾಗ್ತದೆ?” ಎಂದು ಕೇಳಿದಳು. ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಮನೆಗೆ ಹೋಗಿ ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕವನ್ನು ಮೊದಲಿನಿಂದ ಓದಿದೆ. ಅಲ್ಲಿ ದೀಕ್ಷಾಸ್ನಾನ ಹೊಂದುವ ಲುದ್ಯಳು ಸ್ನಾನದ ಮೇಲೂ ಲುದ್ಯಳೇ, ಕೊರ್ನೇಲ್ಯನು ಕೊರ್ನೇಲ್ಯನೇ. ಸೌಲನು ದೀಕ್ಷಾಸ್ನಾನದಲ್ಲಿ ಪೌಲನಾದನೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವಲ್ಲ, ಅದೂ ಸರಿಯಲ್ಲ. ಒಂಬತ್ತನೆಯ ಅಧ್ಯಾಯದಲ್ಲಿ ಸ್ನಾನವಾದವನನ್ನು ಹದಿಮೂರನೆಯ ಅಧ್ಯಾಯದ ವರೆಗೂ ಪುಸ್ತಕ ಸೌಲನೆಂದೇ ಕರೆಯುತ್ತದೆ. ಮುಂದಿನ ಭಾನುವಾರ ಅವಳಿಗೆ ಅಷ್ಟನ್ನೂ ಹೇಳಿದೆ. ಅವಳು ತನ್ನ ಅವ್ವ ಇಟ್ಟ ಹೆಸರಿನಲ್ಲಿಯೇ ದೀಕ್ಷಾಸ್ನಾನ ಹೊಂದಿದಳು, ರಿಜಿಸ್ಟರಿನಲ್ಲಿ ನಾನೇ ಬರೆದೆ.

ಇನ್ನು ಆ ಕೊರಿಂಥದ ಸ್ತೆಫನನ ಎರಡನೆಯ ಸಾಲು. ಪತ್ರದ ಕೊನೆಯ ಅಧ್ಯಾಯಕ್ಕೆ ಬಂದಾಗ ಪೌಲನ ನೆನಪು ತಡವರಿಸುವುದಿಲ್ಲ. ಸ್ತೆಫನನ ಮನೆಯವರು ಕೊರಿಂಥವಿರುವ ಅಖಾಯ ಸೀಮೆಯ ಪ್ರಥಮಫಲ, ಎಂದರೆ ಮೊದಲು ನಂಬಿದವರು, ಎಂದೂ, ಅವರು ದೇವಜನರ ಸೇವೆಗೆ ತಮ್ಮನ್ನು ತಾವೇ ಒಪ್ಪಿಸಿಕೊಂಡರೆಂದೂ ನಿಮಗೆ ಗೊತ್ತು ಎಂದು ಖಚಿತವಾಗಿ ಬರೆಸುತ್ತಾನೆ. ಯಾರೂ ಅವರನ್ನು ನೇಮಿಸಿರಲಿಲ್ಲ, ತಾವೇ ಆ ಕೆಲಸಕ್ಕೆ ನಿಂತಿದ್ದರು. ಏನು ಸೇವೆ ಎಂದು ಪತ್ರ ವಿವರಿಸುವುದಿಲ್ಲ. ಸಮುದ್ರ ದಾಟಿ ಎಫೆಸಕ್ಕೆ ಬಂದ ಸ್ತೆಫನ, ಫೊರ್ತುನಾತ, ಅಖಾಯಿಕ ಈ ಮೂವರನ್ನು ಕಂಡು ತನಗೆ ಸಂತೋಷವಾಯಿತೆಂದೂ, ಅವರು ತನ್ನ ಆತ್ಮವನ್ನು ತಂಪುಗೊಳಿಸಿದರೆಂದೂ ಹೇಳುತ್ತಾನೆ. ಆಮೇಲೆ, ಪೌಲನವರು ಅಪೊಲ್ಲೋಸನವರು ಎಂದು ಹೊಡೆದಾಡುತ್ತಿದ್ದ ಆ ಜನಕ್ಕೆ ಒಂದು ಅಪ್ಪಣೆ ಕೊಡುತ್ತಾನೆ: ನೀವು ಇಂಥವರ ಮಾತಿಗೂ, ಇವರ ಜೊತೆ ಪ್ರಯಾಸಪಟ್ಟು ದುಡಿಯುವ ಪ್ರತಿಯೊಬ್ಬನ ಮಾತಿಗೂ ಒಳಗಾಗಿರಿ.

ನಮಸ್ಕಾರ.