ಆಸ್ಪತ್ರೆಯಿಂದ ನಿಮ್ಮ ಮಾಹಿತಿ ಸೋರಿದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಆಸ್ಪತ್ರೆಯ ಕೌಂಟರಿನಲ್ಲಿ ನಾವು ಏನೇನು ಕೊಡುತ್ತೇವೆ, ಒಮ್ಮೆ ನೆನಪು ಮಾಡಿಕೊಳ್ಳಿ. ಹೆಸರು, ವಯಸ್ಸು, ಮೊಬೈಲ್ ನಂಬರು, ಆಧಾರ್, ವಿಮೆಯ ಕಾರ್ಡು. ಒಳಗೆ ಹೋದ ಮೇಲೆ, ಮನೆಯವರಿಗೂ ಹೇಳದ ಕಾಯಿಲೆಯನ್ನು ಡಾಕ್ಟರ ಹತ್ತಿರ ಹೇಳಿಕೊಳ್ಳುತ್ತೇವೆ. ಅದೆಲ್ಲ ಒಂದು ಕಂಪ್ಯೂಟರಿಗೆ ಹೋಗಿ ಕೂರುತ್ತದೆ. ಆ ಕಂಪ್ಯೂಟರಿಗೆ ಯಾರಾದರೂ ಕನ್ನ ಹಾಕಿದರೆ ರೋಗಿ ಏನು ಮಾಡಬೇಕು ಎಂಬುದೇ ಇವತ್ತಿನ ವಿಷಯ.

ದೊಡ್ಡ ಆಸ್ಪತ್ರೆಗಳಲ್ಲಿ ಹೀಗೆಲ್ಲ ಆಗುವುದಿಲ್ಲ ಎಂದು ಕೆಲವರು ನನ್ನ ಹತ್ತಿರ ವಾದ ಮಾಡುತ್ತಾರೆ. ದೆಹಲಿಯ ಏಮ್ಸ್‌ಗಿಂತ ದೊಡ್ಡದು ಬೇಕೇ? 2022ರ ನವೆಂಬರ್ 23ರಂದು ಅಲ್ಲಿನ ಸರ್ವರುಗಳ ಮೇಲೆ ದಾಳಿಯಾಯಿತು. ನೋಂದಣಿ, ಬಿಲ್ಲು, ಲ್ಯಾಬ್ ವರದಿ ಎಲ್ಲವನ್ನೂ ಎಷ್ಟೋ ದಿನ ಕೈಯಲ್ಲಿ ಬರೆದುಕೊಂಡು ನಡೆಸಬೇಕಾಯಿತು. ಆದ್ದರಿಂದ ಆ ವಾದ ಬಿಡಿ.

ನಾನು ವಕೀಲ. ಇಂಥ ಪ್ರಕರಣಗಳನ್ನೇ ಹೆಚ್ಚಾಗಿ ನೋಡುವವನು. ಕಲಂಗಳ ನಂಬರು ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ: ಬರೆದು ಕೇಳಿ, ತಾರೀಖು ಹಾಕಿ ಕೇಳಿ, ಕೊಟ್ಟದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ. ಫೋನಿನಲ್ಲಿ ಕೂಗಾಡಿದ್ದು, ರಿಸೆಪ್ಷನ್ ಹುಡುಗಿಯನ್ನು ಬೈದು ಬಂದದ್ದು ಯಾವುದೂ ಲೆಕ್ಕಕ್ಕಿಲ್ಲ.

ನನ್ನ ಕಕ್ಷಿದಾರರೊಬ್ಬರು ನಿವೃತ್ತ ಮೇಷ್ಟ್ರು. ಅವರ ಮನೆಯವರಿಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿತ್ತು. ಕೆಲವು ವಾರ ಕಳೆದ ಮೇಲೆ ಆ ತಾಯಿಗೆ ಫೋನು ಬಂತು. "ಅಮ್ಮಾ, ಆಸ್ಪತ್ರೆಯಿಂದ ಮಾತಾಡ್ತಾ ಇದೀವಿ. ನಿಮ್ಮ ವಿಮೆ ಹಣದಲ್ಲಿ ಸ್ವಲ್ಪ ವಾಪಸ್ ಬರೋದಿದೆ." ಆ ತಾಯಿ ದಡ್ಡರಲ್ಲ. ನೀವು ಯಾರು, ಹೇಗೆ ನಂಬಲಿ ಎಂದು ಕೇಳಿದ್ದಾರೆ. ಅವನು ಡಾಕ್ಟರ ಹೆಸರು ಹೇಳಿದ, ಅಡ್ಮಿಟ್ ಆದ ದಿನ ಹೇಳಿದ, ಬಿಲ್ಲಿನ ನಂಬರನ್ನೂ ಓದಿ ಹೇಳಿದ. ಕೊನೆಗೆ, "ಎಡಗಾಲು ಈಗ ಹೇಗಿದೆ ಅಮ್ಮಾ, ಮೆಟ್ಟಿಲು ಹತ್ತೋಕಾಗುತ್ತಾ?" ಎಂದು ವಿಚಾರಿಸಿದನಂತೆ. ಎಡಗಾಲು ಎಂದ ಕೂಡಲೇ ಅವರಿಗೆ ನಂಬಿಕೆ ಬಂದುಬಿಟ್ಟಿತು. ಅವನು ಕಳಿಸಿದ ಲಿಂಕ್ ಒತ್ತಿದರು, ಒಟಿಪಿ ಹೇಳಿದರು, 48,000 ರೂಪಾಯಿ ಹೋಯಿತು.

ಮೇಷ್ಟ್ರು ಮಾಡಿದ ಮೊದಲ ಕೆಲಸ 1930ಕ್ಕೆ ಫೋನು ಮಾಡಿದ್ದು. ಸೈಬರ್ ವಂಚನೆಯ ಸಹಾಯವಾಣಿ ಅದು. ಒಂದು ಗಂಟೆಯೊಳಗೆ ಹೇಳಿದ್ದರಿಂದ ಸ್ವಲ್ಪ ಹಣ ಮುಂದಿನ ಖಾತೆಗೆ ದಾಟದಂತೆ ತಡೆಯಲು ಸಾಧ್ಯವಾಯಿತು. ಆಮೇಲೆ ಆಸ್ಪತ್ರೆಗೆ ಹೋದರು. "ನಮ್ಮ ಕಡೆಯಿಂದ ಏನೂ ಹೋಗಿಲ್ಲ ಸಾರ್, ನೀವೇ ಎಲ್ಲೋ ಹೇಳಿರ್ತೀರಿ" ಎಂಬ ಉತ್ತರ ಸಿಕ್ಕಿತು. ಬೇರೆಯವರಾಗಿದ್ದರೆ ಇಲ್ಲಿಗೆ ಜಗಳ ಆಡಿ ಮನೆಗೆ ಹೋಗುತ್ತಿದ್ದರು. ಮೇಷ್ಟ್ರು ಅಲ್ಲೇ ಬೆಂಚಿನ ಮೇಲೆ ಕೂತು ಒಂದು ಬಿಳಿ ಹಾಳೆಯಲ್ಲಿ ಬರೆದರು. ಅಕ್ಷರ ಮುತ್ತಿನಂತಿದೆ, ಈಗಲೂ ನನ್ನ ಫೈಲಿನಲ್ಲಿದೆ. ನಾಲ್ಕೇ ಪ್ರಶ್ನೆ. ನನ್ನ ಹೆಂಡತಿಯ ಯಾವ ಯಾವ ಮಾಹಿತಿ ಹೊರಗೆ ಹೋಗಿದೆ? ಅದು ಎಂದು ಹೋಯಿತು, ನಿಮಗೆ ಎಂದು ಗೊತ್ತಾಯಿತು? ನಿಮ್ಮ ಕಂಪ್ಯೂಟರಿನಿಂದಲೇ ಹೋಯಿತೋ, ನೀವು ಕೆಲಸ ವಹಿಸಿದ ಹೊರಗಿನ ಕಂಪನಿಯಿಂದಲೋ? ಇದನ್ನು ಸರ್ಕಾರಕ್ಕೆ ವರದಿ ಮಾಡಿದ್ದೀರಾ?

ಕೊನೆಯ ಪ್ರಶ್ನೆಗೆ ಹಲ್ಲಿದೆ. ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕು ಎಂದು 2022ರ ಏಪ್ರಿಲ್‌ನಲ್ಲೇ ನಿರ್ದೇಶನ ಹೊರಟಿದೆ. ಹೌದು ಎಂದರೆ ಸೋರಿಕೆ ಒಪ್ಪಿಕೊಂಡಂತೆ. ಇಲ್ಲ ಎಂದರೆ ನಿಯಮ ಮುರಿದಂತೆ. ಮೇಷ್ಟ್ರಿಗೆ ಇದನ್ನು ಯಾರು ಹೇಳಿಕೊಟ್ಟರೋ, ನಾನಂತೂ ಅಲ್ಲ!

ಕೌಂಟರಿನಲ್ಲಿ ಆ ಪತ್ರ ತೆಗೆದುಕೊಳ್ಳಲಿಲ್ಲ. ನಮ್ಮಲ್ಲಿ ಹಾಗೆಲ್ಲ ಸೀಲು ಹಾಕಿ ಕೊಡುವುದಿಲ್ಲ ಎಂದರು. ಮೇಷ್ಟ್ರು ಮಾತಾಡದೆ ಅಂಚೆ ಕಚೇರಿಗೆ ಹೋಗಿ ಅದನ್ನೇ ಸ್ವೀಕೃತಿ ಸಮೇತ ಅಂಚೆಗೆ ಹಾಕಿ ಬಂದರು. ಜೊತೆಗೆ ಆಸ್ಪತ್ರೆಯ ಇಮೇಲಿಗೂ ಅದರ ಫೋಟೊ ಕಳಿಸಿದರು. ಹದಿನೈದು ದಿನದ ಮೇಲೆ ಉತ್ತರ ಬಂತು, ಮೂರೇ ಸಾಲು. ಎರಡನೇ ಸಾಲಿನಲ್ಲಿ, "ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಪೂರೈಕೆದಾರರ ಕಡೆಯಿಂದ ಭದ್ರತಾ ಲೋಪವಾಗಿರುವುದು ಗಮನಕ್ಕೆ ಬಂದಿದ್ದು, ಇದಕ್ಕೆ ಆಸ್ಪತ್ರೆ ಹೊಣೆಯಲ್ಲ" ಎಂದಿತ್ತು. ಹೊಣೆಯಲ್ಲ ಎಂದು ಹೇಳಲು ಹೋಗಿ ಲೋಪವನ್ನು ಬರವಣಿಗೆಯಲ್ಲಿ ಕೊಟ್ಟುಬಿಟ್ಟಿದ್ದರು. ನನ್ನ ಇಡೀ ಕೇಸು ನಿಂತದ್ದು ಆ ಒಂದು ಸಾಲಿನ ಮೇಲೆ. ಕಡೆಗೆ ಆಸ್ಪತ್ರೆಯವರೇ ರಾಜಿಗೆ ಬಂದು, ಹೋದ ಹಣವನ್ನೂ ಖರ್ಚನ್ನೂ ಕೊಟ್ಟರು.

ಮೇಷ್ಟ್ರ ಕತೆ ಹೇಳಲು ಕೂತರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಗಾಜಿನಾಚೆಯಿಂದ ಬೆರಳು ತೋರಿಸುತ್ತಿದ್ದಾರೆ, ಬೇಗ ಬೇಗ ಹೇಳುತ್ತೇನೆ.

ಪರಿಹಾರ ಬೇಕಾದವರಿಗೆ ಹತ್ತಿರದ ದಾರಿ ಜಿಲ್ಲಾ ಗ್ರಾಹಕರ ಆಯೋಗ. ಹಣ ಕೊಟ್ಟು ಪಡೆದ ಚಿಕಿತ್ಸೆಯೂ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ, ವಿಮೆಯವರು ಹಣ ಕಟ್ಟಿದ್ದರೂ ಅಷ್ಟೇ. ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು ಅನುಚಿತ ವ್ಯಾಪಾರ ಪದ್ಧತಿ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷದವರೆಗೆ ಇದ್ದರೆ ಆಯೋಗದಲ್ಲಿ ಶುಲ್ಕವೇ ಇಲ್ಲ. ವಕೀಲರೂ ಬೇಕಿಲ್ಲ, ನೀವೇ ನಿಂತು ಹೇಳಬಹುದು. ವಕೀಲನಾದ ನಾನೇ ಹೇಳುತ್ತಿದ್ದೇನೆ, ನಂಬಿ.

ಇನ್ನೊಂದು ದಾರಿ ಮಾಹಿತಿ ತಂತ್ರಜ್ಞಾನ ಕಾಯ್ದೆಯದು. ರೋಗಿಯ ದಾಖಲೆಯನ್ನು ಅದು ಸೂಕ್ಷ್ಮ ಮಾಹಿತಿ ಎಂದು ಕರೆಯುತ್ತದೆ. ಕಂಪನಿಯ ಅಸಡ್ಡೆಯಿಂದ ನಷ್ಟವಾದರೆ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯವರ ಮುಂದೆ 5 ಕೋಟಿಯವರೆಗೆ ಪರಿಹಾರ ಕೇಳಬಹುದು. 2023ರ ಹೊಸ ದತ್ತಾಂಶ ಸಂರಕ್ಷಣಾ ಕಾಯ್ದೆ ಪೂರ್ತಿ ಜಾರಿಗೆ ಬಂದಾಗ ಈ ದಾರಿ ಮುಚ್ಚುತ್ತದೆ, ಹಾಗಾಗಿ ತಡ ಮಾಡಬೇಡಿ. ಆ ಹೊಸ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡ ಇದೆ ಎಂದು ಜನ ಬಹಳ ಖುಷಿಯಿಂದ ನನಗೆ ಹೇಳುತ್ತಾರೆ. ಸ್ವಾಮಿ, ಆ ದಂಡ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ನಿಮ್ಮ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ. ಅದರಲ್ಲಿ ನಿಮಗೆ ಉಪಯೋಗವಾಗುವುದು ಬೇರೆ: ಸೋರಿಕೆಯಾದರೆ ನಿಮಗೆ ತಿಳಿಸುವುದು ಆಸ್ಪತ್ರೆಯ ಕರ್ತವ್ಯವಾಗುತ್ತದೆ.

ಇನ್ನು ಮನೆಯಲ್ಲಿ ಮಾಡಿಕೊಳ್ಳುವ ಕೆಲಸ. ಆಧಾರ್ ಆ್ಯಪಿನಲ್ಲಿ ಬೆರಳಚ್ಚು ಲಾಕ್ ಮಾಡಿ. ನಿಮ್ಮ ಹೆಸರಿನಲ್ಲಿ ಯಾರಾದರೂ ಸಾಲ ಎತ್ತಿದ್ದಾರೆಯೇ ಎಂದು ಕ್ರೆಡಿಟ್ ರಿಪೋರ್ಟ್ ತೆಗೆಸಿ ನೋಡಿ, ವರ್ಷಕ್ಕೊಂದು ಉಚಿತ. ಆಸ್ಪತ್ರೆಯ ಆ್ಯಪಿನ ಪಾಸ್‌ವರ್ಡನ್ನೇ ಬ್ಯಾಂಕಿಗೂ ಇಟ್ಟಿದ್ದರೆ ಇವತ್ತೇ ಬದಲಾಯಿಸಿ.

ಇದಕ್ಕಿಂತ ಮುಖ್ಯವಾದದ್ದೊಂದು, ಯಾರೂ ಮಾಡದ್ದು. ವಿಮಾ ಕಂಪನಿಯಿಂದ ನಿಮ್ಮ ಹೆಸರಿನ ಕ್ಲೇಮುಗಳ ಪಟ್ಟಿ ತರಿಸಿಕೊಳ್ಳಿ, ಬರೆದು ಕೇಳಿ. ನೀವು ಕಾಲಿಡದ ಆಸ್ಪತ್ರೆಯ ಬಿಲ್ಲು ಅದರಲ್ಲಿದ್ದರೆ ನಿಮ್ಮ ಕಾರ್ಡಿನಲ್ಲಿ ಬೇರೆಯವರು ಚಿಕಿತ್ಸೆ ಪಡೆದಿದ್ದಾರೆ ಎಂದರ್ಥ. ಹೋದದ್ದು ಬರೀ ಹಣವಲ್ಲ, ಅವರ ರಕ್ತದ ಗುಂಪು, ಅವರ ಸಕ್ಕರೆ ಕಾಯಿಲೆ ನಿಮ್ಮ ಕಡತಕ್ಕೆ ಬಂದು ಸೇರುತ್ತದೆ. ನಾಳೆ ನಿಮಗೆ ಪ್ರಜ್ಞೆ ಇಲ್ಲದಾಗ ಡಾಕ್ಟರು ನೋಡುವುದು ಆ ಕಡತವನ್ನೇ. ನಿಮ್ಮ ವೈದ್ಯಕೀಯ ದಾಖಲೆಯ ಪ್ರತಿಯನ್ನು ಬರೆದು ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ವೃತ್ತಿ ನಿಯಮವೇ ಇದೆ.

ನಿಮ್ಮ ಕಾಯಿಲೆ ಊರಿಗೆಲ್ಲ ಹೇಳುತ್ತೇನೆ ಎಂದು ಯಾರಾದರೂ ಹೆದರಿಸಿದರೆ ಹಣ ಕೊಡಬೇಡಿ. ಫಿನ್‌ಲೆಂಡಿನಲ್ಲಿ ಮನೋಚಿಕಿತ್ಸೆಯ ರೋಗಿಗಳ ಕಡತ ಕದ್ದಿದ್ದ ಒಬ್ಬ 2020ರಲ್ಲಿ ಒಬ್ಬೊಬ್ಬರಿಗೂ ಇಮೇಲ್ ಹಾಕಿ ಹಣ ಕೇಳಿದ. ಸಾವಿರಾರು ಜನ ಮುಚ್ಚಿಟ್ಟುಕೊಳ್ಳದೆ ಪೊಲೀಸರಿಗೆ ಬರೆದುಕೊಟ್ಟರು. ಅವನಿಗೆ 2024ರಲ್ಲಿ ಆರು ವರ್ಷಕ್ಕೂ ಮೇಲ್ಪಟ್ಟು ಜೈಲಾಯಿತು. ಬಂದ ಮೆಸೇಜು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ದೂರಿನ ಜೊತೆ ಲಗತ್ತಿಸಿ.

ಪೂರ್ತಿ ಉಚಿತವಾಗಿ ನೋಡುವ ಸರ್ಕಾರಿ ಆಸ್ಪತ್ರೆಯಾದರೆ ಗ್ರಾಹಕರ ಆಯೋಗ ನಡೆಯುವುದಿಲ್ಲ. ಅಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 10 ರೂಪಾಯಿ ಶುಲ್ಕ. ಮೇಷ್ಟ್ರ ಅದೇ ನಾಲ್ಕು ಪ್ರಶ್ನೆ ಬರೆಯಿರಿ. 30 ದಿನದಲ್ಲಿ ಹಿಂಬರಹ ಬರಲೇಬೇಕು.

ಪೆನ್ನು ಹುಡುಕುತ್ತಿದ್ದವರಿಗೆ ಇನ್ನೊಮ್ಮೆ: ಹಣ ಹೋಗಿದ್ದರೆ ಆ ಕ್ಷಣವೇ 1930. ಗ್ರಾಹಕರ ದೂರು ಹೇಗೆ ಕೊಡುವುದೆಂದು ಕೇಳಲು 1915. ಫೋನು ಇಟ್ಟ ಮೇಲೆ ಅವರು ಕೊಟ್ಟ ದೂರಿನ ಸಂಖ್ಯೆಯನ್ನು ಕೂಡ ಬರೆದಿಟ್ಟುಕೊಳ್ಳಿ. ನಮಸ್ಕಾರ.