ಮಹಡಿ ಮೇಲೆ ಊಟ ಯಾಕಿಲ್ಲ? ನಮ್ಮ ಹೊಟೇಲಿನ ಫೈಲ್ ಕಥೆ

ನಮಸ್ಕಾರ, ಕಾರವಾರದಿಂದ. ಈಗ ಕಾಣುತ್ತಿರುವುದು ನಮ್ಮ ಹೊಟೇಲಿನ ಮಹಡಿ. ಗಾಳಿ ಇದೆ, ಬೆಳಕಿದೆ, ಫ್ಯಾನ್ ಕೂಡ ಇದೆ. ಟೇಬಲ್ ಮಾತ್ರ ಇಲ್ಲ. ಕೆಳಗೆ ನೋಡಿ, ಭಾನುವಾರ ಮಧ್ಯಾಹ್ನ ಹುಬ್ಬಳ್ಳಿಯವರು, ಬೆಳಗಾವಿಯವರು, ಗೋವಾ ನಂಬರಿನ ಗಾಡಿಯವರು ಎಲ್ಲರೂ ಬಿಸಿಲಲ್ಲಿ ನಿಂತಿದ್ದಾರೆ. "ಮೇಲೆ ಖಾಲಿ ಇದೆ ಅಲ್ವಾ, ಅಲ್ಲೇ ಬಡಿಸಿ" ಅಂತ ದಿನಾ ಯಾರಾದರೂ ಹೇಳುತ್ತಾರೆ. ಹಾಗೆ ಬಡಿಸುವಂತಿಲ್ಲ. ನಮಗೆ ಸಿಕ್ಕಿರುವ ಅನುಮತಿ ಕೆಳಗಿನ ಮುಂದಿನ ಕೋಣೆಗೆ ಮಾತ್ರ, ಅದೂ ರಾತ್ರಿ 10ರವರೆಗೆ.

ಅದನ್ನು ಬದಲಾಯಿಸಿಕೊಡಿ ಅಂತ ಅರ್ಜಿ ಹಾಕಿದ್ದೇನೆ. ಕೇಳಿದ್ದು ಇಷ್ಟು: ಮಹಡಿಯಲ್ಲೂ ಊಟಕ್ಕೆ ಕೂರಿಸುವುದು, ಮಳೆ ಇಲ್ಲದ ತಿಂಗಳಲ್ಲಿ ಪಕ್ಕದ ಅಂಗಳದಲ್ಲಿ ನಾಲ್ಕು ಟೇಬಲ್, ಮತ್ತೆ ರಾತ್ರಿ ಇನ್ನೊಂದು ಗಂಟೆ ಜಾಸ್ತಿ.

"ಜಾಗ ಎನ್‌ಎ ಆಗಿದೆ ಅಲ್ವಾ, ಮತ್ತೇನು ತಕರಾರು?" ಇದು ಊರಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಎನ್‌ಎ ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸಿಕೊಳ್ಳುವುದು. ಅದು ಆಗಿದೆ, ನಿಜ. ಆದರೆ ಅದು 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಗದ್ದೆ ಜಾಗವನ್ನು ಮನೆ ಕಟ್ಟಲು ಬದಲಾಯಿಸಿಕೊಂಡಿದ್ದು. ಮನೆಗೆ ಅಂತ ಆದ ಎನ್‌ಎ ಹೊಟೇಲಿಗೆ ತಾನಾಗಿ ಅನ್ವಯಿಸುವುದಿಲ್ಲ. ಟ್ರೇಡ್ ಲೈಸೆನ್ಸ್ ಇನ್ನೊಂದು, ಆಹಾರದ ಲೈಸೆನ್ಸ್ ಮತ್ತೊಂದು. ಇವೆಲ್ಲ ಇದ್ದರೂ ಊರಿನ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ನಮ್ಮ ಓಣಿಯ ಬಣ್ಣ ಹಳದಿ. ಹಳದಿ ಅಂದರೆ ವಸತಿ, ನೀಲಿ ಅಂದರೆ ವಾಣಿಜ್ಯ. ನನ್ನ ಇಡೀ ಗಲಾಟೆ ಈ ಹಳದಿಯದ್ದು.

ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಾವು ಬಚಾವ್. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಅದರ ಕಾನೂನು ನಡೆಯುತ್ತದೆ, ನಮ್ಮ ಮನೆ ಅದರ ಆಚೆ. ಒಳಗಿದ್ದಿದ್ದರೆ ಕಷ್ಟ ಇತ್ತು. ಪಟ್ಟಣದ ತೀರದಲ್ಲಿ ಹಳೆಯ ಮನೆ ಕೆಡವಿ ಮತ್ತೆ ಕಟ್ಟಬಹುದು, ಆದರೆ ಮನೆ ಇದ್ದದ್ದು ಮನೆಯಾಗಿಯೇ ಇರಬೇಕು ಅನ್ನುತ್ತದೆ ಆ ನಿಯಮ.

ಈಗ ನನ್ನ ತಲೆ ತಿಂದ ವಿಷಯಕ್ಕೆ ಬರುತ್ತೇನೆ. ಮಾಸ್ಟರ್ ಪ್ಲಾನ್‌ನಲ್ಲಿರುವ ಬಳಕೆಯನ್ನು ಬದಲಾಯಿಸಲು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ 14ಎ ಅಂತ ಒಂದು ಕಲಂ ಇದೆ. ಬದಲಾವಣೆ ಸಾರ್ವಜನಿಕ ಹಿತಾಸಕ್ತಿಗಾಗಿ ಇರಬೇಕು ಅನ್ನುವುದು ಅದರ ಮೊದಲ ಷರತ್ತು. ಸಾರ್ವಜನಿಕ ಹಿತಾಸಕ್ತಿ! ನಾನು ಇಸ್ವಾಣ ಫ್ರೈ, ತಿಸ್ರೆ ಸುಕ್ಕಾ, ಸೋಲ್ ಕಢಿ ಮಾರುವವನು. ಬಾಣಲೆಯ ಮುಂದೆ ನಿಂತು ಯೋಚಿಸಿದೆ, ಇದರಲ್ಲಿ ಸಾರ್ವಜನಿಕ ಹಿತಾಸಕ್ತಿ ಎಲ್ಲಿದೆ ಅಂತ. ಅರ್ಜಿ ಬರೆದುಕೊಡುವವರು ಸುಲಭದ ದಾರಿ ಹೇಳಿದರು: "ಪ್ರವಾಸೋದ್ಯಮ ಅಭಿವೃದ್ಧಿ ಅಂತ ಬರೀರಿ, ಎಲ್ಲರೂ ಅದನ್ನೇ ಬರೆಯುತ್ತಾರೆ." ನನಗೆ ಮನಸ್ಸಾಗಲಿಲ್ಲ. ಜನ ಟಾಗೋರ್ ಬೀಚ್ ನೋಡಲು ಬರುತ್ತಾರೆ, ಚಪಲ್ ಯುದ್ಧನೌಕೆ ನೋಡಲು ಬರುತ್ತಾರೆ, ಹೊಟ್ಟೆ ಹಸಿದಾಗ ನಮ್ಮಲ್ಲಿಗೆ ಬರುತ್ತಾರೆ. ನನ್ನ ಮಹಡಿ ನೋಡಲು ಯಾರೂ ಘಟ್ಟ ಇಳಿಯುವುದಿಲ್ಲ. ಅದಕ್ಕೆ ಕಣ್ಣಿಗೆ ಕಂಡದ್ದನ್ನೇ ಬರೆದೆ: ಕಾಯುವ ಜನ ರಸ್ತೆಯಲ್ಲಿ ನಿಲ್ಲುತ್ತಾರೆ, ಶಾಲೆಯ ರಿಕ್ಷಾ ದಾಟಲು ಪರದಾಡುತ್ತದೆ, ಮಹಡಿ ಸಿಕ್ಕರೆ ಅವರೆಲ್ಲ ಒಳಗೆ ಬರುತ್ತಾರೆ.

ಈ ಬದಲಾವಣೆಯನ್ನು ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು, ಅದೂ ಕಾನೂನೇ. ನಮ್ಮದೂ ಬಂತು, ಶ್ರದ್ಧಾಂಜಲಿ ಮತ್ತು ಸೈಟ್ ಮಾರಾಟದ ನಡುವೆ ಚಿಕ್ಕ ಅಕ್ಷರದಲ್ಲಿ ಸರ್ವೆ ನಂಬರ್. ಯಾರು ಓದುತ್ತಾರೆ ಅಂದುಕೊಂಡರೆ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಓದಿದ್ದರು. ಆಕ್ಷೇಪಣೆಯನ್ನು ಕೈಬರಹದಲ್ಲಿ ಬರೆದು, ಕೊಡುವ ಮೊದಲು ನನಗೂ ಒಂದು ಪ್ರತಿ ತಂದುಕೊಟ್ಟರು. ಅಂಥ ಮನುಷ್ಯ. ಓದಿದಾಗ ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂಗಡೆ ಹುರಿದ ಹೊಗೆ ಅವರ ದೇವರ ಕೋಣೆಯ ಕಿಟಕಿಗೆ ಹೋಗುತ್ತದೆ, ಪಾತ್ರೆ ತೊಳೆದ ಜಿಡ್ಡಿನ ನೀರು ಮಳೆಗಾಲದಲ್ಲಿ ಗಟಾರ ಕಟ್ಟಿ ಅವರ ಗೇಟಿನ ಮುಂದೆ ನಿಲ್ಲುತ್ತದೆ, ರಾತ್ರಿ ಊಟ ಮುಗಿಸಿದವರು ಬೈಕ್ ಸ್ಟಾರ್ಟ್ ಮಾಡಿಕೊಂಡೇ ಅರ್ಧ ಗಂಟೆ ಮಾತಾಡುತ್ತಾರೆ. ಕೊನೆಯ ಸಾಲು ಮಾತ್ರ ಎರಡು ಸಲ ಓದಿದೆ: "ಮಹಡಿ ಕೊಟ್ಟರೆ ಕಾಯುವವರು ಒಳಗೆ ಹೋಗಬಹುದು, ಅವರ ಗಾಡಿಗಳು ಎಲ್ಲಿಗೆ ಹೋಗಬೇಕು?"

ಇದಕ್ಕೆ ನನ್ನ ಅರ್ಜಿಯಲ್ಲಿ ಉತ್ತರ ಇರಲಿಲ್ಲ. ನಕ್ಷೆ ಪರಿಶೀಲಿಸಿದವರೂ ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಬಿಡಬೇಕಾದ ಜಾಗದ ಅಳತೆ ಕೇಳಿದರು, ಕಟ್ಟಡದ ಎತ್ತರ ಕೇಳಿದರು, ಗಾಡಿಗಳ ವಿಷಯಕ್ಕೆ ಇಷ್ಟು ನೇರವಾಗಿ ಬರಲಿಲ್ಲ.

ಹೀಗಾಗಿ ಅರ್ಜಿ ಬದಲಾಯಿತು. ಅಂಗಳದ ಟೇಬಲ್ ಕೈಬಿಟ್ಟೆ. ಹೇಗೂ ಜೂನ್‌ನಿಂದ ನಾಲ್ಕು ತಿಂಗಳು ಅಲ್ಲಿ ಕಪ್ಪೆ ಮಾತ್ರ ಕೂರಬಹುದು. ರಾತ್ರಿಯ ಹೆಚ್ಚುವರಿ ಗಂಟೆಯೂ ಬೇಡ ಅಂದೆ, ಮನೆಯವಳಿಗೆ ಇದರಿಂದ ಆದಷ್ಟು ಖುಷಿ ಯಾರಿಗೂ ಆಗಿಲ್ಲ. ಓಣಿಯ ತುದಿಯ ಖಾಲಿ ಜಾಗವನ್ನು ಪಾರ್ಕಿಂಗಿಗೆ ಬಾಡಿಗೆ ಹಿಡಿದು, ಕರಾರುಪತ್ರವನ್ನು ಫೈಲಿಗೆ ಸೇರಿಸಿದೆ. ಹೊಗೆ ಕೊಳವೆಯನ್ನು ಮಹಡಿಗಿಂತ ಮೇಲಕ್ಕೆ ಏರಿಸುವುದಕ್ಕೂ ಜಿಡ್ಡು ಹಿಡಿಯುವ ತೊಟ್ಟಿಗೂ ಕೊಟೇಶನ್ ಬಂದಿದೆ. ಅದನ್ನು ನೋಡಿದ ಮೇಲೆ ಥಾಲಿ ರೇಟ್ ಬಗ್ಗೆ ಸ್ವಲ್ಪ ಚಿಂತೆ ಶುರುವಾಗಿದೆ.

ಮೇಷ್ಟ್ರು ಆಕ್ಷೇಪಣೆ ವಾಪಸ್ ಪಡೆದಿಲ್ಲ. ಕೇಳಿದೆ. "ಮೊದಲು ಕೊಳವೆ ಏರಲಿ, ಆಮೇಲೆ ನೋಡೋಣ" ಅಂದರು. ಸರಿಯೇ.

ಇಲ್ಲಿನ ಯೋಜನಾ ಪ್ರಾಧಿಕಾರ ಒಪ್ಪಿದರೂ ಮುಗಿಯುವುದಿಲ್ಲ, 14ಎ ಬದಲಾವಣೆಗೆ ಸರ್ಕಾರದ ಪೂರ್ವಾನುಮೋದನೆ ಬೇಕು. ಅಂದರೆ ಫೈಲ್ ಬೆಂಗಳೂರಿಗೆ ಹೋಗಿ ಬರಬೇಕು. ಅಲ್ಲಿಯವರೆಗೆ ಮಹಡಿ ಮೇಲೆ ಊಟ ಇಲ್ಲ, ಎಷ್ಟೇ ಪರಿಚಯದವರಾದರೂ ಇಲ್ಲ. ಪಾರ್ಸೆಲ್ ಇದೆ. ಪಾರ್ಕಿಂಗ್ ಜಾಗ ಈ ಭಾನುವಾರದಿಂದಲೇ ಶುರು, ಬೋರ್ಡ್ ಹಾಕಿದ್ದೇನೆ. ಗಾಡಿ ಅಲ್ಲೇ ನಿಲ್ಲಿಸಿ, ಮೇಷ್ಟ್ರ ಗೇಟಿನ ಮುಂದೆ ಬೇಡ. ಬೈಕಿನವರಿಗೂ ಇದನ್ನೇ ಹೇಳುತ್ತಿದ್ದೇನೆ.